ಹತ್ತು ಗಜ ದಾಟದ ತಂಡ: ಸೋಲುತ್ತಿರುವ ಕಾಲೇಜು ಫುಟ್‌ಬಾಲ್ ಕೋಚ್‌ಗೆ ಅಫೆನ್ಸ್ ರಿಪೇರಿಯ ಸಮಗ್ರ ಮಾರ್ಗದರ್ಶಿ

ಅಮೆರಿಕದ ಕಾಲೇಜು ಊರುಗಳಲ್ಲಿ ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ನಿದ್ದೆಗೆಟ್ಟ ಮುಖದ ಒಬ್ಬ ಕೋಚ್ ಸಿಕ್ಕೇ ಸಿಗುತ್ತಾರೆ. ನಾಲ್ಕು ಪಂದ್ಯದಲ್ಲಿ ಮೂರು ಸೋತಿರುತ್ತಾರೆ. ಎದುರಾಳಿಯನ್ನು ತಡೆಯುವ ಪಡೆ, ಅಂದರೆ ಡಿಫೆನ್ಸ್, ಪರವಾಗಿಲ್ಲ. ಬಾಲ್ ಹಿಡಿದು ಮುನ್ನುಗ್ಗಬೇಕಾದ ಅಫೆನ್ಸ್ ಮಾತ್ರ ಮೈದಾನಕ್ಕೆ ಇಳಿದು, ಮೂರು ಸಲ ಗುದ್ದಾಡಿ, ಪಂಟ್ ಹೊಡೆಯುವವನನ್ನು ಕರೆದು ಬೆಂಚಿಗೆ ವಾಪಸ್ ಬರುತ್ತದೆ. ಭಾನುವಾರ ರಾತ್ರಿ ಆ ಕೋಚ್ ಲ್ಯಾಪ್‌ಟಾಪ್ ತೆರೆದು ಹೊಸ ಪ್ಲೇ (ಒಂದು ಸಲದ ಆಟಕ್ಕೆ ಮೊದಲೇ ಹಾಕಿದ ಯೋಜನೆ) ಹುಡುಕಲು ಕೂರುತ್ತಾರೆ. ಕೋಚ್, ದಯವಿಟ್ಟು ಅದನ್ನು ಮುಚ್ಚಿ. ನಿಮಗೆ ಬೇಕಾಗಿರುವುದು ಹೊಸ ಪ್ಲೇ ಅಲ್ಲ; ಇರುವ ಎಂಬತ್ತರಲ್ಲಿ ಅರವತ್ತನ್ನು ಎಸೆಯುವ ಧೈರ್ಯ.

ನಾನು ಕೋಚ್ ಅಲ್ಲ. ವಾರವೆಲ್ಲ ಸಾಫ್ಟ್‌ವೇರ್ ಕೆಲಸ. ಫುಟ್‌ಬಾಲ್ ಸೀಸನ್ ಬಂತೆಂದರೆ ಮಿಡ್‌ವೆಸ್ಟ್‌ನ ಒಂದು ಸಣ್ಣ ಡಿವಿಷನ್ 3 ಕಾಲೇಜಿನ ತಂಡಕ್ಕೆ ಪಂದ್ಯದ ವಿಡಿಯೊ ನೋಡಿ, ಒಂದೊಂದು ಪ್ಲೇಯನ್ನೂ ಸಾಲುಸಾಲಾಗಿ ಬರೆದುಕೊಡುವ ಸಂಬಳವಿಲ್ಲದ ಚಾಕರಿ. ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇರುವುದಿಲ್ಲ. ಬೆಳಗ್ಗೆ ಕೆಮಿಸ್ಟ್ರಿ ಲ್ಯಾಬ್ ಮುಗಿಸಿ ಮಧ್ಯಾಹ್ನ ಪ್ರಾಕ್ಟೀಸ್‌ಗೆ ಬರುವ ಹುಡುಗರು. ಅಲ್ಲಿ ಕೂತು ನೋಡಿದ್ದನ್ನೂ ದೊಡ್ಡ ತಂಡಗಳ ಚರಿತ್ರೆಯಿಂದ ತಿಳಿದದ್ದನ್ನೂ ಸೇರಿಸಿ ಬರೆದಿದ್ದೇನೆ. ಕಬಡ್ಡಿ ನೋಡಿ ಬೆಳೆದವನಿಗೆ ಈ ಆಟ ತೀರ ಪರಕೀಯ ಅನ್ನಿಸುವುದಿಲ್ಲ. ಇಲ್ಲೂ ಗೆರೆ ದಾಟಬೇಕು, ಎದುರಿನವರು ಹಿಡಿದು ಕೆಡವುತ್ತಾರೆ.

ಆಟ ಹೊಸದಾದವರಿಗೆ ಎರಡೇ ಮಾತು. ಇದು ಕಾಲಿನ ಫುಟ್‌ಬಾಲ್ ಅಲ್ಲ. ಹನ್ನೊಂದು ಜನರ ಅಫೆನ್ಸ್‌ಗೆ ನಾಲ್ಕು ಅವಕಾಶ, ಅದಕ್ಕೆ ಡೌನ್ ಎಂದು ಹೆಸರು. ಅಷ್ಟರೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸಿಗುತ್ತವೆ. ಹೋಗದಿದ್ದರೆ ಬಾಲ್ ಎದುರಾಳಿಗೆ. ಹಾಗಾಗಿ ಸಾಮಾನ್ಯವಾಗಿ ನಾಲ್ಕನೇ ಡೌನ್‌ನಲ್ಲಿ ಬಾಲನ್ನು ದೂರಕ್ಕೆ ಒದ್ದು ಕೈತೊಳೆದುಕೊಳ್ಳುತ್ತಾರೆ, ಅದೇ ಪಂಟ್.

ಮೊದಲ ಹೆಜ್ಜೆ: ಬೈಯುವ ಮೊದಲು ಬರೆಯಿರಿ

ಸೋತ ತಂಡದ ಮೀಟಿಂಗ್‌ನಲ್ಲಿ ಎಲ್ಲರ ಬಳಿಯೂ ಒಂದೊಂದು ಕಾರಣ ಇರುತ್ತದೆ. ಬಾಲ್ ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಧೈರ್ಯ ಸಾಲದು, ಅದನ್ನು ಹಿಡಿಯುವ ರಿಸೀವರ್‌ಗಳ ಕೈಗೆ ಎಣ್ಣೆ ಹಚ್ಚಿದೆ, ಅಂಪೈರ್‌ಗಳು ಕುರುಡರು. ಇದು ಯಾವುದನ್ನೂ ನಂಬಬೇಡಿ. ಈವರೆಗಿನ ಎಲ್ಲ ಪಂದ್ಯಗಳ ಪ್ರತಿ ಪ್ಲೇಯನ್ನೂ ಒಂದು ಸ್ಪ್ರೆಡ್‌ಶೀಟ್‌ಗೆ ಇಳಿಸಿ: ಡೌನ್, ಬೇಕಿದ್ದ ಗಜ, ಬಾಲ್ ಮೈದಾನದ ಯಾವ ಬದಿಯಲ್ಲಿತ್ತು, ಯಾವ ಫಾರ್ಮೇಷನ್ (ಆಟಗಾರರು ನಿಂತ ರೀತಿ), ಯಾವ ಪ್ಲೇ, ಸಿಕ್ಕಿದ್ದೆಷ್ಟು.

ಆಮೇಲೆ ಪ್ರತಿ ಪ್ಲೇಗೂ ಪಾಸ್ ಅಥವಾ ಫೇಲ್. ಬಿಲ್ ಕಾನಲಿ ಎಂಬ ವಿಶ್ಲೇಷಕರು ಜನಪ್ರಿಯಗೊಳಿಸಿದ ಸಕ್ಸೆಸ್ ರೇಟ್ ಎಂಬ ಅಳತೆ ಇದಕ್ಕೆ ಸಾಕು. ಮೊದಲ ಡೌನ್‌ನಲ್ಲಿ ಬೇಕಾದ ದೂರದ 50 ಶೇಕಡಾ, ಎರಡನೆಯದರಲ್ಲಿ 70 ಶೇಕಡಾ, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ 100 ಸಿಕ್ಕರೆ ಪಾಸ್. ಮೊದಲ ಡೌನ್‌ನಲ್ಲಿ ಹತ್ತಕ್ಕೆ ಐದು ಗಜ ಪಾಸ್, ನಾಲ್ಕು ಫೇಲ್. ಕ್ರೂರ ಅನ್ನಿಸಬಹುದು. ಆದರೆ ಒಟ್ಟು ಗಜಗಳ ಲೆಕ್ಕ ನಿಮಗೆ ಸುಳ್ಳು ಹೇಳುತ್ತದೆ: ಮೂರನೇ ಡೌನ್‌ಗೆ ಹದಿನೈದು ಬೇಕಿದ್ದಾಗ ಹನ್ನೊಂದು ಓಡಿದವನೂ ಅಲ್ಲಿ ಹೀರೋ.

ಕೊನೆಯ ಕಾಲಂ ಬಹಳ ಮುಖ್ಯ. ಫೇಲ್ ಆದ ಪ್ರತಿ ಪ್ಲೇಯ ಎದುರು, ಮೊದಲು ಮುರಿದದ್ದು ಎಲ್ಲಿ ಎಂದು ಬರೆಯಿರಿ. ನಾನು ಬಳಸುವುದು ಐದೇ ಕಾರಣ: ಯಾರನ್ನು ತಡೆಯಬೇಕೆಂದೇ ಹುಡುಗನಿಗೆ ಗೊತ್ತಿರಲಿಲ್ಲ; ಗೊತ್ತಿತ್ತು, ಆದರೆ ಎದುರಿನವನು ಬಲಶಾಲಿ; ಕ್ವಾರ್ಟರ್‌ಬ್ಯಾಕ್ ತಪ್ಪು ಕಡೆ ನೋಡಿದ; ಎಲ್ಲ ಸರಿ ಇತ್ತು, ಬಾಲ್ ಕೈಜಾರಿತು ಅಥವಾ ಪೆನಾಲ್ಟಿ ಬಿತ್ತು; ಆ ಡಿಫೆನ್ಸ್ ಎದುರು ಆ ಪ್ಲೇ ಕರೆದದ್ದೇ ತಪ್ಪು. ಮೊದಲನೆಯದಕ್ಕೆ ಮದ್ದು ಪಾಠ, ಎರಡನೆಯದಕ್ಕೆ ಫಾರ್ಮೇಷನ್, ಮೂರನೆಯದಕ್ಕೆ ಸುಲಭದ ರೀಡ್ (ಎದುರಾಳಿಯನ್ನು ನೋಡಿ ನಿರ್ಧರಿಸುವ ಕೆಲಸ), ನಾಲ್ಕನೆಯದಕ್ಕೆ ಅಭ್ಯಾಸ. ಐದನೆಯದಕ್ಕೆ ಕನ್ನಡಿ.

ನಮ್ಮ ತಂಡಕ್ಕೆ ಮೊದಲ ವರ್ಷ ಇದನ್ನು ಮಾಡಿದಾಗ ಕೋಚ್‌ಗಳ ಊಹೆಯೆಲ್ಲ ಕ್ವಾರ್ಟರ್‌ಬ್ಯಾಕ್ ಮೇಲಿತ್ತು. ಪಟ್ಟಿ ಬೇರೆಯದೇ ಹೇಳಿತು. ಫೇಲ್ ಆದ ಓಟದ ಪ್ಲೇಗಳಲ್ಲಿ ಅರ್ಧಕ್ಕಿಂತ ಹೆಚ್ಚಿನದರ ಎದುರು ಬಿದ್ದದ್ದು ಮೊದಲ ಕಾರಣ: ತಡೆಯಬೇಕಾದವನು ಯಾರೆಂದು ಗೊತ್ತಿಲ್ಲ. ಹುಡುಗರು ದಡ್ಡರಲ್ಲ. ಅವರಿಗೆ ಕಲಿಸಿದ್ದು ಜಾಸ್ತಿಯಾಗಿತ್ತು.

ಎರಡನೇ ಹೆಜ್ಜೆ: ಕಾಲ್ ಶೀಟ್‌ಗೆ ಕತ್ತರಿ

ಸಣ್ಣ ಗುಣಾಕಾರ ಮಾಡೋಣ. ಮೇಲಿನ ಹಂತವಾದ ಡಿವಿಷನ್ 1ರಲ್ಲಿ ಸೀಸನ್ ನಡೆಯುವಾಗ ಆಟಗಾರರಿಂದ ವಾರಕ್ಕೆ 20 ಗಂಟೆ, ದಿನಕ್ಕೆ 4 ಗಂಟೆಗಿಂತ ಹೆಚ್ಚು ಕೆಲಸ ತೆಗೆಯುವಂತಿಲ್ಲ. ಒಂದು ದಿನ ರಜೆ ಕೊಡಲೇಬೇಕು. ವಿಡಿಯೊ ನೋಡುವುದು, ಜಿಮ್ ಎಲ್ಲ ಆ ಇಪ್ಪತ್ತರೊಳಗೇ. ಇಡೀ ಅಫೆನ್ಸ್ ಒಟ್ಟಿಗೆ ನಿಂತು ಪ್ಲೇ ಓಡಿಸಲು ಸಿಗುವುದು ದಿನಕ್ಕೆ ಸುಮಾರು ಮೂವತ್ತು ಸ್ನ್ಯಾಪ್ (ಬಾಲನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರುಮಾಡುವುದು) ಅಂದುಕೊಳ್ಳಿ, ನಾಲ್ಕು ದಿನಕ್ಕೆ ನೂರಿಪ್ಪತ್ತು. ಪಂದ್ಯದಲ್ಲಿ ಕರೆಯುವ ಪ್ಲೇಗಳ ಪಟ್ಟಿಯಾದ ಕಾಲ್ ಶೀಟ್‌ನಲ್ಲಿ ಎಂಬತ್ತು ಪ್ಲೇ ಇದ್ದರೆ ಒಂದೊಂದಕ್ಕೆ ಒಂದೂವರೆ ಸಲ. ಇಪ್ಪತ್ತಿದ್ದರೆ ಆರು ಸಲ. ಒಂದೂವರೆ ಸಲ ಮಾಡಿದ ಅಡುಗೆಯನ್ನು ಯಾರಾದರೂ ಮದುವೆ ಮನೆಯಲ್ಲಿ ಬಡಿಸುತ್ತಾರೆಯೇ?

ಏನು ಉಳಿಸಬೇಕು? ನನ್ನ ಆಯ್ಕೆ ಇದು. ಒಳಗಿನ ಓಟಕ್ಕೆ ಇನ್‌ಸೈಡ್ ಝೋನ್. ಅದಕ್ಕೆ ಎದುರು ದಿಕ್ಕಿಗೆ ಹೊರಳುವ ಕೌಂಟರ್. ಮೂರು ಹೆಜ್ಜೆ ಹಿಂದಿಟ್ಟು ತಕ್ಷಣ ಎಸೆಯುವ ಎರಡು ಪಾಸ್. ತಡೆಯುವವರ ಹಿಂದೆ ನಿಂತವನಿಗೆ ಹತ್ತಿರಕ್ಕೇ ಎಸೆಯುವ ಒಂದು ಸ್ಕ್ರೀನ್. ಓಟದಂತೆ ನಟಿಸಿ ಪಕ್ಕಕ್ಕೆ ಓಡಿ ಎಸೆಯುವ ಬೂಟ್‌ಲೆಗ್. ಅದೇ ನಟನೆಯಿಂದ ದೂರಕ್ಕೆ ಎಸೆಯುವ ಒಂದು ಪ್ಲೇ. ಮೂರನೇ ಡೌನ್‌ಗೆ ಮೂರು ಪಾಸ್. ಗೋಲ್ ಗೆರೆಯ ಹತ್ತಿರಕ್ಕೆ ಎರಡು. ಹನ್ನೆರಡಾಯಿತು. ಬಲಕ್ಕೂ ಎಡಕ್ಕೂ ಎಂದರೆ ಇಪ್ಪತ್ತನಾಲ್ಕು. ಬೇಕಾದಷ್ಟಾಯಿತು.

ಇಷ್ಟು ಕಡಿಮೆ ಇಟ್ಟುಕೊಂಡರೆ ಎದುರಾಳಿ ಕಂಡುಹಿಡಿಯುವುದಿಲ್ಲವೇ ಎಂದು ಪ್ರತಿ ಸಹಾಯಕ ಕೋಚೂ ಕೇಳುತ್ತಾರೆ. ಹಾಲ್ ಮಮ್ಮಿ ಮತ್ತು ಮೈಕ್ ಲೀಚ್ 1989ರಲ್ಲಿ ಅಯೋವಾ ವೆಸ್ಲಿಯನ್ ಎಂಬ ಪುಟ್ಟ ಕಾಲೇಜಿನಲ್ಲಿ ಶುರುಮಾಡಿದ ಏರ್ ರೇಡ್ ಪದ್ಧತಿ ಅದಕ್ಕೆ ಉತ್ತರ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಲವೆಲ್ ಎಡ್ವರ್ಡ್ಸ್ ಆಡಿಸುತ್ತಿದ್ದ ಪಾಸ್‌ಗಳಿಂದ ಕೆಲವನ್ನು ಎತ್ತಿಕೊಂಡು, ಅವನ್ನೇ ಬೇಸರ ಬರುವಷ್ಟು ಸಲ ಅಭ್ಯಾಸ ಮಾಡಿಸಿದರು. ಬಹುಪಾಲು ಪ್ಲೇಗಳು ಎದುರಾಳಿಗೂ ಗೊತ್ತಿದ್ದವು. ಲೀಚ್ 2000ದಿಂದ 2009ರವರೆಗೆ ಟೆಕ್ಸಸ್ ಟೆಕ್‌ನಲ್ಲಿ ಅದನ್ನೇ ಆಡಿಸಿ ದೊಡ್ಡ ದೊಡ್ಡ ತಂಡಗಳ ಬೆವರಿಳಿಸಿದರು.

ಕತ್ತರಿ ಹಾಕುವ ದಿನ ಜಗಳ ಆಗುತ್ತದೆ. ಒಬ್ಬೊಬ್ಬ ಸಹಾಯಕನಿಗೂ ತನ್ನ ಮುದ್ದಿನ ಪ್ಲೇ ಒಂದಿರುತ್ತದೆ. ನಮ್ಮಲ್ಲಿ ಒಬ್ಬರು ತಮ್ಮ ಹೈಸ್ಕೂಲ್ ದಿನಗಳಿಂದ ಹೊತ್ತು ತಂದ ರಿವರ್ಸ್ ಪ್ಲೇಗಾಗಿ ನಲವತ್ತು ನಿಮಿಷ ವಾದ ಮಾಡಿದರು. ಆ ವರ್ಷ ಅದನ್ನು ಕರೆದದ್ದು ಮೂರು ಸಲ, ಒಟ್ಟು ಸಿಕ್ಕಿದ್ದು ಮೈನಸ್ ಏಳು ಗಜ. ಪಟ್ಟಿ ಕೈಯಲ್ಲಿದ್ದರೆ ಜಗಳ ಬೇಗ ಮುಗಿಯುತ್ತದೆ. ಮೊದಲ ಹೆಜ್ಜೆ ಮೊದಲು ಬಂದದ್ದು ಅದಕ್ಕೇ.

ಮೂರನೇ ಹೆಜ್ಜೆ: ಐದು ಜನರ ಗೋಡೆ

ಟಿಕೆಟ್ ಕೊಂಡವರು ಬಾಲ್ ನೋಡುತ್ತಾರೆ. ನೀವು ಸೆಂಟರ್, ಎರಡು ಗಾರ್ಡ್, ಎರಡು ಟ್ಯಾಕಲ್, ಲೈನ್ ಎನಿಸಿಕೊಳ್ಳುವ ಈ ಐವರನ್ನು ನೋಡಿ. ಇವರು ನಿಲ್ಲದಿದ್ದರೆ ಉಳಿದ ಆರು ಜನ ಎಷ್ಟೇ ಪ್ರತಿಭಾವಂತರಾದರೂ ಪ್ರಯೋಜನವಿಲ್ಲ.

ಮೊದಲು ತಲೆ ಎಣಿಸುವುದನ್ನು ಕಲಿಸಿ. ಲೈನ್‌ನ ಎದುರಿಗೆ, ಟ್ಯಾಕಲ್‌ನಿಂದ ಟ್ಯಾಕಲ್‌ವರೆಗೆ ಎದುರಾಳಿಗಳು ನಿಂತ ಜಾಗಕ್ಕೆ ಬಾಕ್ಸ್ ಎನ್ನುತ್ತಾರೆ. ನಿಮ್ಮಲ್ಲಿ ತಡೆಯುವವರು ಐವರು ಲೈನ್‌ಮನ್, ಅವರ ಪಕ್ಕ ನಿಲ್ಲುವ ಒಬ್ಬ ಟೈಟ್ ಎಂಡ್, ಒಟ್ಟು ಆರು. ಬಾಕ್ಸ್‌ನಲ್ಲಿ ಆರು ಜನ ಇದ್ದರೆ ಓಡಿ. ಏಳು ಇದ್ದರೆ ಒಬ್ಬ ಬಿಡುಗಡೆಯಾಗಿ, ಬಾಲ್ ಹಿಡಿದು ಓಡುವ ನಿಮ್ಮ ರನ್ನಿಂಗ್ ಬ್ಯಾಕ್‌ನ ಎದೆಗೇ ಬರುತ್ತಾನೆ. ಆಗ ಹೊರಗೆ ಎಸೆಯಿರಿ, ಅಥವಾ ಆ ಏಳನೆಯವನನ್ನು ಕ್ವಾರ್ಟರ್‌ಬ್ಯಾಕ್ ಕಣ್ಣಲ್ಲೇ ಕಟ್ಟಿಹಾಕಬೇಕು. ಅದು ಮುಂದಿನ ಹೆಜ್ಜೆಯ ಮಾತು.

ಇನ್‌ಸೈಡ್ ಝೋನ್‌ನ ಜೀವ ಇರುವುದು ಜೋಡಿ ತಡೆಯಲ್ಲಿ. ಗಾರ್ಡ್ ಮತ್ತು ಟ್ಯಾಕಲ್ ಸೇರಿ ಎದುರಿನ ದೈತ್ಯನನ್ನು ಒಟ್ಟಿಗೆ ದೂಡುತ್ತಾರೆ. ಆ ದೈತ್ಯನ ಹಿಂದೆ ನಿಂತ ಡಿಫೆಂಡರ್, ಅಂದರೆ ಲೈನ್‌ಬ್ಯಾಕರ್, ಮುನ್ನುಗ್ಗಿದಾಗ ಇಬ್ಬರಲ್ಲಿ ಒಬ್ಬ ಜಾರಿ ಅವನನ್ನು ಹಿಡಿಯುತ್ತಾನೆ. ಲೈನ್ ಕೋಚ್‌ಗಳು ಇದನ್ನು ನಾಲ್ಕು ಕೈ ಎದುರಿನವನ ಮೇಲೆ, ನಾಲ್ಕು ಕಣ್ಣು ಲೈನ್‌ಬ್ಯಾಕರ್ ಮೇಲೆ ಎಂದು ಹೇಳಿಕೊಡುತ್ತಾರೆ. ಸೋಲುವ ತಂಡಗಳಲ್ಲಿ ಕಾಣುವ ತಪ್ಪು ಹೆಚ್ಚಾಗಿ ಒಂದೇ: ಜಾರುವ ಆತುರ. ದೈತ್ಯ ಇನ್ನೂ ಒಂದಿಂಚೂ ಕದಲಿರುವುದಿಲ್ಲ, ಒಬ್ಬ ಆಗಲೇ ಲೈನ್‌ಬ್ಯಾಕರ್ ಕಡೆ ಓಡಿರುತ್ತಾನೆ. ಉಳಿದವನು ಒಂಟಿಯಾಗಿ ಒದ್ದಾಡುತ್ತಾನೆ, ಓಟ ಅಲ್ಲೇ ಮುಗಿಯುತ್ತದೆ. ಮೊದಲು ದೂಡು, ಆಮೇಲೆ ಜಾರು. ಈ ನಾಲ್ಕು ಪದಕ್ಕೆ ಮಂಗಳವಾರದ ಅರ್ಧ ಗಂಟೆ ಮೀಸಲಿಡಿ.

ಇನ್ನೊಂದು ಸಂಗತಿ ನನ್ನ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಾಗಿ. ಒಂದು ಸೀಸನ್‌ನಲ್ಲಿ ನಾವು ಪಾಸ್ ಆಡುವುದು ಎದುರಾಳಿಗೆ ಮೊದಲೇ ಗೊತ್ತಾಗುತ್ತಿತ್ತು. ಸೈಡ್‌ಲೈನ್‌ನ ವಿಡಿಯೊದಲ್ಲಿ ಅವರ ಡಿಫೆನ್ಸ್‌ನ ಟ್ಯಾಕಲ್ "ಪಾಸ್, ಪಾಸ್" ಎಂದು ಕೂಗುವುದೇ ಕೇಳಿಸುತ್ತಿತ್ತು. ಸಿಗ್ನಲ್ ಕದಿಯುತ್ತಿದ್ದಾರೆ ಎಂದು ಕೋಚ್‌ಗಳಿಗೆ ಅನುಮಾನ. ಎಂಡ್ ಝೋನ್ (ಗೋಲ್ ಗೆರೆಯಾಚೆಯ ಜಾಗ) ಹಿಂದಿನ ಕ್ಯಾಮೆರಾದ ವಿಡಿಯೊವನ್ನು ಸ್ನ್ಯಾಪ್‌ಗೆ ಒಂದು ಸೆಕೆಂಡ್ ಮೊದಲು ನಿಲ್ಲಿಸಿ, ಎಡ ಗಾರ್ಡ್ ಒಬ್ಬನನ್ನೇ ನಲವತ್ತು ಸಲ ನೋಡಿದೆ. ಓಟವಿದ್ದಾಗ ಅವನ ಭಾರವೆಲ್ಲ ನೆಲಕ್ಕೂರಿದ ಕೈ ಮೇಲೆ, ಹಿಮ್ಮಡಿ ಮೇಲಕ್ಕೆ. ಪಾಸ್ ಇದ್ದಾಗ ಹಿಮ್ಮಡಿ ನೆಲಕ್ಕೆ ಅಂಟಿಕೊಂಡು, ಕೈ ಸುಮ್ಮನೆ ಹುಲ್ಲು ಸವರುತ್ತಿತ್ತು. ಅಷ್ಟೇ. ಆ ಹುಡುಗನಿಗೆ ತೋರಿಸಿದಾಗ ಅವನು ಕೆಂಪಾಗಿಹೋದ. ಎರಡು ವಾರ, ಪ್ರತಿ ಸ್ನ್ಯಾಪ್‌ಗೆ ಮುಂಚೆ ಒಬ್ಬ ಸಹಾಯಕ ಅವನ ಹಿಮ್ಮಡಿಯ ಕೆಳಗೆ ಒಂದು ಕಾರ್ಡ್ ತೂರಿಸಿ ನೋಡುತ್ತಿದ್ದ. ಕೂಗು ನಿಂತಿತು. ನಿಮ್ಮ ಐವರನ್ನೂ ಒಮ್ಮೆ ಹೀಗೆ ನಿಲ್ಲಿಸಿ ನೋಡಿ.

ಸ್ನ್ಯಾಪ್ ಕೂಗಿನಲ್ಲೂ ಇದೇ ಕಾಯಿಲೆ. ಯಾವಾಗಲೂ ಮೊದಲ ಕೂಗಿಗೇ ಬಾಲ್ ಬಂದರೆ ಎದುರಾಳಿ ಕಣ್ಣು ಮುಚ್ಚಿ ನುಗ್ಗುತ್ತಾನೆ. ಆಗಾಗ ಎರಡನೇ ಕೂಗಿಗೆ ಹೋಗಿ.

ನಾಲ್ಕನೇ ಹೆಜ್ಜೆ: ಕ್ವಾರ್ಟರ್‌ಬ್ಯಾಕ್‌ನ ತಲೆ ಹಗುರ ಮಾಡಿ

ಹತ್ತೊಂಬತ್ತು ವರ್ಷದ ಹುಡುಗ. ಎರಡೂವರೆ ಸೆಕೆಂಡ್ ಸಮಯ. ಇಡೀ ಮೈದಾನ ನೋಡು, ಒಂದನೆಯವನು, ಎರಡನೆಯವನು, ಮೂರನೆಯವನು, ಆಮೇಲೆ ರನ್ನಿಂಗ್ ಬ್ಯಾಕ್ ಎಂದು ಪಾಠ ಒಪ್ಪಿಸಿದರೆ ಅವನು ನೋಡುವುದು ಯಾರನ್ನೂ ಅಲ್ಲ, ತನ್ನ ಮೇಲೆ ಬೀಳಲು ಬರುತ್ತಿರುವವನನ್ನು.

ಅರ್ಧ ಮೈದಾನ ಸಾಕು. ಬಲಕ್ಕೆ ಇಬ್ಬರು ರಿಸೀವರ್, ಒಬ್ಬ ಹತ್ತಿರ, ಒಬ್ಬ ದೂರ. ಅವರ ನಡುವೆ ನಿಂತ ಒಬ್ಬ ಡಿಫೆಂಡರ್ ಹಿಂದೆ ಸರಿದರೆ ಹತ್ತಿರದವನಿಗೆ, ಮುಂದೆ ಬಂದರೆ ದೂರದವನಿಗೆ. ಇಬ್ಬರೂ ಇಲ್ಲವೇ, ಬಾಲ್ ಹೊರಗೆಸೆದು ಬದುಕು. ಕಣ್ಣಿನ ಜೊತೆ ಕಾಲನ್ನೂ ಕಟ್ಟಿಹಾಕಬೇಕು: ಮೂರನೇ ಹೆಜ್ಜೆ ನೆಲಕ್ಕೆ ಬಿದ್ದಾಗ ಬಾಲ್ ಕೈ ಬಿಡಬೇಕು. ಬಿಡದಿದ್ದರೆ ತಪ್ಪು ಕಣ್ಣಿನದು, ಕೈಯದಲ್ಲ.

ಏಳನೆಯವನನ್ನು ಕಣ್ಣಲ್ಲಿ ಕಟ್ಟುವ ಮಾತು ಬಾಕಿ ಇತ್ತು. ಅದೇ ಆರ್‌ಪಿಒ (ರನ್-ಪಾಸ್ ಆಪ್ಷನ್), ಒಂದೇ ಪ್ಲೇಯೊಳಗೆ ಓಟವೂ ಇದೆ, ಪಾಸೂ ಇದೆ. ಲೈನ್ ಓಟಕ್ಕೆ ತಡೆಯುತ್ತದೆ. ಕ್ವಾರ್ಟರ್‌ಬ್ಯಾಕ್ ಒಬ್ಬ ಲೈನ್‌ಬ್ಯಾಕರ್‌ನನ್ನು ಮಾತ್ರ ನೋಡುತ್ತಾನೆ. ಅವನು ಓಟದ ಕಡೆ ನುಗ್ಗಿದರೆ ಅವನು ಬಿಟ್ಟುಬಂದ ಜಾಗಕ್ಕೇ ಪಾಸ್. ನಿಂತರೆ ರನ್ನಿಂಗ್ ಬ್ಯಾಕ್‌ಗೆ ಬಾಲ್. ಕಾಲೇಜಿನಲ್ಲಿ ಇದು ಇಷ್ಟು ಹಬ್ಬಲು ಒಂದು ನಿಯಮದ ಸಹಾಯ ಇದೆ: ಮುಂದಕ್ಕೆ ಪಾಸ್ ಹೋಗುವ ಪ್ಲೇಯಲ್ಲೂ ಲೈನ್‌ಮನ್‌ಗಳು 3 ಗಜದವರೆಗೆ ಮುಂದೆ ಹೋಗಬಹುದು. ವೃತ್ತಿಪರರ ಲೀಗ್ ಎನ್‌ಎಫ್‌ಎಲ್‌ನಲ್ಲಿ ಆ ಸಡಿಲಿಕೆ 1 ಗಜ ಮಾತ್ರ. ಕೊಟ್ಟ ಉಚಿತ ಎರಡು ಗಜ ಬಳಸದಿರುವುದು ಪಾಪ.

ಒಬ್ಬ ಕ್ವಾರ್ಟರ್‌ಬ್ಯಾಕ್ ಎಷ್ಟು ಬದಲಾಗಬಲ್ಲ ಎಂಬುದಕ್ಕೆ ಜೋ ಬರೋಗಿಂತ ಒಳ್ಳೆಯ ಉದಾಹರಣೆ ಬೇಡ. ಲೂಯಿಸಿಯಾನ ಸ್ಟೇಟ್ ತಂಡಕ್ಕೆ 2018ರಲ್ಲಿ ಅವರು ಎಸೆದದ್ದು 16 ಟಚ್‌ಡೌನ್ (ಬಾಲ್ ಗೋಲ್ ಗೆರೆ ದಾಟಿಸಿ ಅಂಕ ಗಳಿಸುವುದು). 2019ರಲ್ಲಿ 60. ಗುರಿ ಮುಟ್ಟಿದ ಪಾಸ್‌ಗಳು 57.8 ಶೇಕಡಾದಿಂದ 76.3ಕ್ಕೆ. ತಂಡ 15 ಪಂದ್ಯಕ್ಕೆ 15 ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ತೋಳು ಅದೇ. ಮುಖ್ಯ ಕೋಚ್ ಎಡ್ ಆರ್ಜರಾನ್, ಅಫೆನ್ಸ್ ನೋಡಿಕೊಳ್ಳುವ ಕೋಆರ್ಡಿನೇಟರ್ ಸ್ಟೀವ್ ಎನ್ಸ್‌ಮಿಂಗರ್ ಕೂಡ ಅವರೇ. ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದಿಂದ ಬಂದ ಜೋ ಬ್ರೇಡಿ ಎಂಬ ಯುವ ಸಹಾಯಕನ ಜೊತೆ ಸೇರಿ ರಿಸೀವರ್‌ಗಳನ್ನು ಅಗಲಕ್ಕೆ ಹರಡಿದರು. ಹರಡಿದಾಗ ಡಿಫೆನ್ಸ್ ತನ್ನ ಯೋಜನೆಯನ್ನು ಬಚ್ಚಿಡಲು ಜಾಗ ಉಳಿಯಲಿಲ್ಲ, ಬರೋ ಸ್ನ್ಯಾಪ್‌ಗೆ ಮೊದಲೇ ಅದನ್ನು ಓದಿಬಿಡುತ್ತಿದ್ದರು. ಆ ರಿಸೀವರ್‌ಗಳಲ್ಲಿ ಜಮಾರ್ ಚೇಸ್, ಜಸ್ಟಿನ್ ಜೆಫರ್ಸನ್ ಇದ್ದರು ಎಂಬುದನ್ನೂ ಮರೆಯಬೇಡಿ. ನಿಮ್ಮಲ್ಲಿ ಅಂಥವರಿಲ್ಲದಿದ್ದರೆ ಅದೇ ಪುಸ್ತಕ ತಂದು ಅದೇ ಫಲ ಕೇಳಬೇಡಿ.

ಐದನೇ ಹೆಜ್ಜೆ: ಇರುವ ಹುಡುಗರಿಗೆ ಹೊಂದುವ ಅಂಗಿ

ಪದ್ಧತಿಗೆ ತಕ್ಕ ಹುಡುಗರನ್ನು ಮುಂದಿನ ವರ್ಷ ತರಬಹುದು. ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ 2018ರಿಂದ ಇದೆ. ಅಕ್ಟೋಬರ್‌ನಲ್ಲಿ ಇರುವವರೇ ಇರುವವರು.

1968ರ ಟೆಕ್ಸಸ್ ಕತೆ ನನಗೆ ಇಷ್ಟ. ಡ್ಯಾರೆಲ್ ರಾಯಲ್ ಮುಖ್ಯ ಕೋಚ್. ಕೈಯಲ್ಲಿ ಒಳ್ಳೆಯ ಓಟಗಾರರ ದಂಡು. ಸಹಾಯಕ ಎಮೊರಿ ಬೆಲ್ಲಾರ್ಡ್ ಮೂವರು ಓಟಗಾರರನ್ನೂ ಹಿಂದೆ ನಿಲ್ಲಿಸುವ ಹೊಸ ಫಾರ್ಮೇಷನ್ ಕಟ್ಟಿದರು. ಕೋಳಿಯ ಎದೆಯ ಕವಲು ಮೂಳೆಯಂತೆ ಕಾಣುತ್ತಿದ್ದುದರಿಂದ ಅದಕ್ಕೆ ವಿಶ್‌ಬೋನ್ ಎಂದು ಹೆಸರಾಯಿತು. ಮೊದಲ ಪಂದ್ಯ ಹ್ಯೂಸ್ಟನ್ ಎದುರು 20-20 ಡ್ರಾ. ಎರಡನೆಯದು ಟೆಕ್ಸಸ್ ಟೆಕ್‌ಗೆ 31-22 ಸೋಲು. ಇವತ್ತಿನ ಕಾಲವಾಗಿದ್ದರೆ ಸೋಮವಾರ ಬೆಳಗ್ಗೆಯೇ ಪದ್ಧತಿಯನ್ನು ಹೂಳಿಬಿಡುತ್ತಿದ್ದರು. ರಾಯಲ್ ಹೂಳಲಿಲ್ಲ. ಜೇಮ್ಸ್ ಸ್ಟ್ರೀಟ್‌ನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರು. ಆ ಮೂವರು ಓಟಗಾರರಲ್ಲಿ ಒಬ್ಬರಾದ ಫುಲ್‌ಬ್ಯಾಕ್ ಸ್ಟೀವ್ ವೂಸ್ಟರ್ ತೀರ ಹತ್ತಿರ ನಿಂತು ಬಾಲ್ ತಲುಪುವ ಮುಂಚೆಯೇ ಲೈನ್‌ಗೆ ಬರುತ್ತಿದ್ದರು. ಅವರನ್ನು ಸ್ವಲ್ಪ ಹಿಂದಕ್ಕೆ ನಿಲ್ಲಿಸಿದರು. ಮುಂದಿನ 30 ಪಂದ್ಯಗಳನ್ನು ಟೆಕ್ಸಸ್ ಸತತವಾಗಿ ಗೆದ್ದಿತು. ಆ ಸರಪಳಿ ಮುರಿದದ್ದು 1971ರ ಜನವರಿ 1ರಂದು, ನೋಟ್ರ್ ಡೇಮ್ ಎದುರು.

ಹಾಗಾಗಿ ಕೇಳಿಕೊಳ್ಳಿ: ನಿಮ್ಮ ತಂಡದಲ್ಲಿ ಅತ್ಯುತ್ತಮ ಐವರು ಯಾರು? ಕಳೆದ ಪಂದ್ಯದಲ್ಲಿ ಅವರು ಎಷ್ಟು ಸಲ ಬಾಲ್ ಮುಟ್ಟಿದರು? ನಮ್ಮಲ್ಲಿ ಒಮ್ಮೆ ಅತಿ ವೇಗದ ಹುಡುಗ ಒಂದು ಶನಿವಾರ ಎರಡೇ ಸಲ ಬಾಲ್ ಮುಟ್ಟಿದ್ದ. ಅದರಲ್ಲೊಂದು ಬೇರೆಯವನ ಕೈಜಾರಿ ಬಿದ್ದ ಬಾಲ್, ಅಂದರೆ ಫಂಬಲ್, ಎತ್ತಿಕೊಂಡದ್ದು.

ಆರನೇ ಹೆಜ್ಜೆ: ಪ್ಲೇ ಹಳೆಯದು, ವೇಷ ಹೊಸದು

ಕತ್ತರಿಸಿದ ಮೇಲೆ ಉಳಿದ ಹನ್ನೆರಡನ್ನು ಹತ್ತು ವೇಷದಲ್ಲಿ ಕಳಿಸಿ. ಯಕ್ಷಗಾನದಲ್ಲಿ ಅದೇ ಕಲಾವಿದ ಒಂದೇ ರಾತ್ರಿ ಎರಡು ವೇಷ ಕಟ್ಟಿ ಬರುವುದಿಲ್ಲವೇ? ಒಬ್ಬ ರಿಸೀವರ್‌ನನ್ನು ಸ್ನ್ಯಾಪ್‌ಗೆ ಮೊದಲು ಆ ಕಡೆಯಿಂದ ಈ ಕಡೆಗೆ ಓಡಿಸಿ. ಲೈನ್‌ಮನ್‌ಗಳಿಗೆ ಏನೂ ಬದಲಾಗುವುದಿಲ್ಲ, ಅದೇ ಹೆಜ್ಜೆ, ಅದೇ ಜೋಡಿ. ತಲೆ ಕೆರೆದುಕೊಳ್ಳುವುದು ಎದುರಾಳಿ ಮಾತ್ರ. ಓಡಿದವನ ಹಿಂದೆ ಡಿಫೆಂಡರ್ ಓಡಿಬಂದರೆ ಅವರದು ಆಳಿಗೊಬ್ಬ ಆಳು ಕಾವಲು. ಯಾರೂ ಬರದಿದ್ದರೆ ಜಾಗ ಕಾಯುತ್ತಿದ್ದಾರೆ.

ಕಾಲೇಜು ಮೈದಾನದ ಒಂದು ವಿಚಿತ್ರವನ್ನೂ ಬಳಸಿಕೊಳ್ಳಿ. ಬಾಲ್ ಇಡುವ ಹ್ಯಾಶ್ ಗುರುತುಗಳ ನಡುವಿನ ಅಂತರ ಇಲ್ಲಿ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ. ಬಾಲ್ ಒಂದು ಹ್ಯಾಶ್ ಮೇಲಿದ್ದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ. ವಿಶಾಲ ಬದಿಗೆ ಡಿಫೆನ್ಸ್ ಹೆಚ್ಚು ಜನ ಕಳಿಸಿದರೆ ಕಿರಿದಾದ ಬದಿಗೆ ಓಡಿ. ಕಳಿಸದಿದ್ದರೆ ವೇಗದ ಹುಡುಗನಿಗೆ ಆ 100 ಅಡಿ ಬಿಟ್ಟುಕೊಡಿ.

ಏಳನೇ ಹೆಜ್ಜೆ: ವಾರ, ಮತ್ತು ಮೊದಲ ಹದಿನೈದು

ಭಾನುವಾರ ಪಟ್ಟಿ ಮತ್ತು ವಿಡಿಯೊ. ಸೋಮವಾರ ರಜೆ. ಮಂಗಳವಾರ ಮೊದಲ ಮತ್ತು ಎರಡನೇ ಡೌನ್ ಮಾತ್ರ, ಅಂದರೆ ಲೈನ್ ಮತ್ತು ಓಟ. ಬುಧವಾರ ಮೂರನೇ ಡೌನ್. ಗುರುವಾರ ಗೋಲ್ ಗೆರೆ ಹತ್ತಿರದ್ದು, ಕೊನೆಯ ಎರಡು ನಿಮಿಷದ ಆಟ. ಶುಕ್ರವಾರ ನಡಿಗೆಯಲ್ಲೇ ಎಲ್ಲ ಒಮ್ಮೆ. ಮೂರನೇ ಡೌನ್ ಸರಿಹೋಗುವುದು ಬುಧವಾರವಲ್ಲ, ಮಂಗಳವಾರ. ಮೂರಕ್ಕೆ ಹನ್ನೊಂದು ಬೇಕಾದಾಗ ಯಾವ ಪ್ಲೇಯೂ ಚೆನ್ನಾಗಿರುವುದಿಲ್ಲ, ಮೂರಕ್ಕೆ ಮೂರು ಬೇಕಾದಾಗ ಕೆಟ್ಟ ಪ್ಲೇಯೂ ನಡೆಯುತ್ತದೆ. ಎರಡನೇ ಡೌನ್‌ಗೆ ಐದು ಉಳಿದಿರುವಾಗ ಹುಡುಗನೊಬ್ಬ ಮುಂಚೆಯೇ ಅಲುಗಾಡಿ ಐದು ಗಜದ ಪೆನಾಲ್ಟಿ ತಂದರೆ, ಮೊದಲ ಡೌನ್‌ನಲ್ಲಿ ಗಳಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಪಂದ್ಯದ ಮೊದಲ ಹದಿನೈದು ಪ್ಲೇಗಳನ್ನು ಶುಕ್ರವಾರವೇ ಬರೆದಿಡಿ. ಸ್ಟ್ಯಾನ್‌ಫರ್ಡ್‌ನಲ್ಲೂ ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದಲ್ಲೂ ಬಿಲ್ ವಾಲ್ಶ್ ಪ್ರಸಿದ್ಧಗೊಳಿಸಿದ ಪದ್ಧತಿ ಇದು. ಗಲಾಟೆಯ ನಡುವೆ ತಲೆ ಸರಿಯಾಗಿ ಓಡುವುದಿಲ್ಲ, ತಣ್ಣಗೆ ಕೂತಾಗಲೇ ಯೋಚಿಸಬೇಕು ಎಂಬುದು ಅವರ ತರ್ಕ. ನಾಲ್ಕು ವೇಷದಲ್ಲಿ ಇನ್‌ಸೈಡ್ ಝೋನ್ ಇಟ್ಟರೆ ಎದುರಾಳಿ ಯಾವುದಕ್ಕೆ ಹೇಗೆ ನಿಲ್ಲುತ್ತಾನೆ ಎಂಬುದೂ ಗೊತ್ತಾಗುತ್ತದೆ. ಹುಡುಗರಿಗೂ ಶುಕ್ರವಾರ ರಾತ್ರಿಯೇ ಮೊದಲ ಪ್ಲೇ ಗೊತ್ತಿರುತ್ತದೆ, ಹೊಟ್ಟೆಯೊಳಗಿನ ಚಿಟ್ಟೆ ಸ್ವಲ್ಪ ಸುಮ್ಮನಾಗುತ್ತದೆ.

ವೇಗವಾಗಿ ಆಡಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳುತ್ತಾರೆ. ಕಿವಿಗೊಡಬೇಡಿ. ಕೆಟ್ಟ ಅಫೆನ್ಸ್ ವೇಗವಾಗಿ ಆಡಿದರೆ ವೇಗವಾಗಿ ಪಂಟ್ ಮಾಡುತ್ತದೆ, ನಿಮ್ಮದೇ ಡಿಫೆನ್ಸ್ ನೀರು ಕುಡಿಯುವಷ್ಟರಲ್ಲಿ ಮತ್ತೆ ಮೈದಾನಕ್ಕೆ ಓಡಬೇಕು. ಎರಡು ಪ್ಲೇಗಳ ನಡುವೆ ಸಿಗುವ 40 ಸೆಕೆಂಡನ್ನು ಬಳಸಿ.

ಎಂಟನೇ ಹೆಜ್ಜೆ: ಪಂಟ್ ಮಾಡುವ ಮುನ್ನ ಕಳೆಯುವ ಲೆಕ್ಕ

ಎದುರಾಳಿಯ 38ನೇ ಗಜದ ಗೆರೆಯಲ್ಲಿದ್ದೀರಿ, ನಾಲ್ಕನೇ ಡೌನ್, ಎರಡು ಗಜ ಬೇಕು. ಪಂಟ್ ಎಂಡ್ ಝೋನ್‌ಗೆ ಹೋದರೆ ಬಾಲ್ 20ಕ್ಕೆ ಬರುತ್ತದೆ. ನಿಮಗೆ ದಕ್ಕಿದ್ದು 18 ಗಜ. ಫೀಲ್ಡ್ ಗೋಲ್ (ಕಂಬಗಳ ನಡುವೆ ಬಾಲ್ ಒದ್ದು ಪಡೆಯುವ ಮೂರು ಅಂಕ) ಒದೆಯಬೇಕೆಂದರೆ 55 ಗಜದ ಒದೆತ, ಕಾಲೇಜು ಹುಡುಗನಿಗೆ ಸುಲಭವಲ್ಲ. 18 ಗಜಕ್ಕಾಗಿ ಬಾಲ್ ಕೊಟ್ಟುಬಿಡುತ್ತೀರಾ? ಕೌಂಟರ್ ಕರೆಯಿರಿ. ಈ ನಿರ್ಧಾರವನ್ನೂ ಶುಕ್ರವಾರವೇ ಮಾಡಿ, ಕಾರ್ಡ್ ಮೇಲೆ ಬರೆದಿಟ್ಟುಕೊಳ್ಳಿ. ಮೂರನೇ ಡೌನ್‌ನಲ್ಲೇ ಇದು ಗೊತ್ತಿದ್ದರೆ ಓಟವೂ ಕರೆಯಬಹುದು. ಎರಡು ಅವಕಾಶ ಇವೆಯಲ್ಲ.

ಪಂಟ್‌ನಿಂದಲೂ ಗೆಲ್ಲಬಹುದು ಎನ್ನುವವರಿಗೆ ಅಯೋವಾ ವಿಶ್ವವಿದ್ಯಾಲಯ ಇದೆ. 2022ರ ಮೊದಲ ಪಂದ್ಯದಲ್ಲಿ ಅವರು ಸೌತ್ ಡಕೋಟ ಸ್ಟೇಟ್ ಎದುರು 7-3 ಗೆದ್ದರು. ಆ ಏಳು ಬಂದದ್ದು ಒಂದು ಫೀಲ್ಡ್ ಗೋಲ್, ಎರಡು ಸೇಫ್ಟಿಗಳಿಂದ (ಎದುರಾಳಿಯನ್ನು ಅವನದೇ ಎಂಡ್ ಝೋನ್‌ನಲ್ಲಿ ಕೆಡವಿದರೆ ಸಿಗುವ ಎರಡು ಅಂಕ). ಟಚ್‌ಡೌನ್ ಒಂದೂ ಇಲ್ಲ. ಮುಂದಿನ ವರ್ಷ ಕೋಆರ್ಡಿನೇಟರ್ ಬ್ರಯನ್ ಫೆರೆಂಟ್ಜ್ ಅವರ ಒಪ್ಪಂದದಲ್ಲೇ ಪಂದ್ಯಕ್ಕೆ ಸರಾಸರಿ 25 ಅಂಕದ ಗುರಿ ಬರೆಯಲಾಯಿತು. ಮುಖ್ಯ ಕೋಚ್ ಅವರ ತಂದೆ ಕರ್ಕ್ ಫೆರೆಂಟ್ಜ್. 2023ರಲ್ಲಿ ತಂಡ 10 ಪಂದ್ಯ ಗೆದ್ದಿತು, ಸರಾಸರಿ ಮಾತ್ರ 15.4. ಪಂಟರ್ ಟೋರಿ ಟೇಲರ್ ಆ ಸೀಸನ್‌ನಲ್ಲಿ ಒಟ್ಟು ಪಂಟ್ ಗಜಗಳಲ್ಲಿ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎಯ ದಾಖಲೆ ಮಾಡಿದರು, ಬ್ರಯನ್ ಕೆಲಸ ಕಳೆದುಕೊಂಡರು. ನನಗೆ ಅನ್ನಿಸುವುದು, ಆ 25 ಅಂಕವೇ ತಪ್ಪು ಗುರಿ. ಡಿಫೆನ್ಸ್ ಹೊಡೆದ ಅಂಕಗಳನ್ನೂ ಅದರಲ್ಲಿ ಸೇರಿಸಲಾಗುತ್ತಿತ್ತು. ಮಂಗಳವಾರ ಪ್ರಾಕ್ಟೀಸ್‌ಗೆ ಬಂದ ಗಾರ್ಡ್‌ಗೆ ಇಪ್ಪತ್ತೈದು ಅಂಕ ಹೊಡೆ ಎಂದರೆ ಅವನು ಏನು ಮಾಡಬೇಕು? ಜೋಡಿ ಬಿಟ್ಟು ಬೇಗ ಓಡಬೇಡ ಎಂದರೆ ಅವನಿಗೆ ಅರ್ಥವಾಗುತ್ತದೆ.

ಪ್ಲೇ ಯಾರು ಕರೆಯಬೇಕು ಎಂಬ ಪ್ರಶ್ನೆಗೆ ಚುಟುಕಾಗಿ: ಒಬ್ಬರೇ. ಕೋಆರ್ಡಿನೇಟರ್ ಕೈಯಿಂದ ಕಾಲ್ ಶೀಟ್ ಕಿತ್ತುಕೊಳ್ಳುವುದಿದ್ದರೆ ಎರಡು ಪಂದ್ಯಗಳ ನಡುವೆ ಖಾಲಿ ವಾರ ಬಂದಾಗ ಕಿತ್ತುಕೊಳ್ಳಿ, ಎರಡನೇ ಕ್ವಾರ್ಟರ್‌ನಲ್ಲಲ್ಲ.

ಮೂರು ವಾರದ ನಂತರ

ಸ್ಕೋರ್‌ಬೋರ್ಡ್ ಬದಲಾಗಲು ತಡವಾಗುತ್ತದೆ. ಅದಕ್ಕೆ ಮುಂಚೆ ಪಟ್ಟಿ ಬದಲಾಗಬೇಕು. ಮೂರನೇ ಭಾನುವಾರ ಕೊನೆಯ ಕಾಲಂ ಮತ್ತೆ ಎಣಿಸಿ. ಗೊತ್ತಿಲ್ಲ ಎಂಬ ಕಾರಣ ಕಡಿಮೆಯಾಗಿ, ಗೊತ್ತಿತ್ತು ಆದರೆ ಸೋತ ಎಂಬುದು ಹೆಚ್ಚಾಗಿದ್ದರೆ ಸರಿಯಾದ ದಾರಿಯಲ್ಲಿದ್ದೀರಿ. ಇನ್ನು ಮುಂದಿನ ಕೆಲಸ ಜಿಮ್‌ನದು, ರಿಕ್ರೂಟಿಂಗ್‌ನದು. ಗೊತ್ತಿಲ್ಲ ಎಂಬುದು ಇನ್ನೂ ಅಷ್ಟೇ ಇದ್ದರೆ, ಹನ್ನೆರಡು ಪ್ಲೇಯನ್ನು ಒಂಬತ್ತು ಮಾಡಿ. ಮೊದಲು ಹೋಗಬೇಕಾದದ್ದು ನಿಮ್ಮ ಮುದ್ದಿನದೇ ಆಗಿರಬಹುದು.